ಹಾರ್ಡ್‌ಡಿಸ್ಕ್ ಕೇಬಲ್ ತೆಗೆದರೆ ವಿಂಡೋಸ್ ಏಳುತ್ತಿಲ್ಲ, ಎಸ್‌ಎಸ್‌ಡಿ ಹೋಗಿದೆಯಾ?

ಪ್ರಶ್ನೆ (ಉಡುಪಿಯಿಂದ):
ಸರ್, ನಾನು ಮದುವೆ, ಯಕ್ಷಗಾನದ ವಿಡಿಯೋ ಎಡಿಟಿಂಗ್ ಮಾಡುತ್ತೇನೆ. ಸಿಸ್ಟಮ್‌ನಲ್ಲಿ ಎರಡು ಡಿಸ್ಕ್ ಇವೆ. ವಿಂಡೋಸ್ 11 ಇರುವುದು 500 ಜಿಬಿ ಎಸ್‌ಎಸ್‌ಡಿಯಲ್ಲಿ, ವಿಡಿಯೋ ಎಲ್ಲ 4 ಟಿಬಿ ಹಾರ್ಡ್‌ಡಿಸ್ಕ್‌ನಲ್ಲಿ. ಮಳೆ ಹಿಡಿದ ಮೇಲೆ ಬೆಳಿಗ್ಗೆ ಆನ್ ಮಾಡಿದರೆ ಬೂಟ್ ಡಿವೈಸ್ ಇಲ್ಲ ಎಂದು ಬರುತ್ತದೆ. ಎರಡು ಮೂರು ಸಲ ಆಫ್ ಮಾಡಿ ಆನ್ ಮಾಡಿದರೆ ಏಳುತ್ತದೆ. ಹಾರ್ಡ್‌ಡಿಸ್ಕ್‌ದೇ ತೊಂದರೆ ಇರಬಹುದೆಂದು ಅದರ ಕೇಬಲ್ ತೆಗೆದೆ. ಆಗಂತೂ ಒಂದು ಸಲವೂ ಏಳಲಿಲ್ಲ. ಬಯೋಸ್‌ನಲ್ಲಿ (ಆನ್ ಆಗುವಾಗ ತೆರೆಯುವ ಸೆಟ್ಟಿಂಗ್ ಪರದೆಯಲ್ಲಿ) ಎಸ್‌ಎಸ್‌ಡಿ ಕಾಣುತ್ತದೆ. ರಿಪೇರಿಯವರು ಎಸ್‌ಎಸ್‌ಡಿ ಹೋಗಿದೆ, ಹೊಸದು ಹಾಕುವ ಎನ್ನುತ್ತಾರೆ. ಹಾಕಿಸಲಾ?

ಉತ್ತರ:
ಈಗಲೇ ಬೇಡ ಮಾರಾಯ್ರೇ. ಕೇಬಲ್ ತೆಗೆದು ನೋಡಿದ್ದು ಬಹಳ ಒಳ್ಳೆಯದಾಯಿತು, ಗುಟ್ಟು ಅಲ್ಲೇ ಇದೆ.

ವಿಂಡೋಸ್ ಎಸ್‌ಎಸ್‌ಡಿಯಲ್ಲಿ ಇದ್ದರೂ ಅದನ್ನು ಎಬ್ಬಿಸುವ ಬೂಟ್ ಫೈಲುಗಳು ಅಲ್ಲೇ ಇರಬೇಕೆಂದಿಲ್ಲ. ಇನ್‌ಸ್ಟಾಲ್ ಮಾಡುವಾಗ ಎರಡೂ ಡಿಸ್ಕ್ ಸಿಕ್ಕಿಸಿಯೇ ಇದ್ದರೆ ಆ ಫೈಲುಗಳು ಹಾರ್ಡ್‌ಡಿಸ್ಕ್‌ಗೆ ಹೋಗಿ ಕೂರುವುದುಂಟು. ನಿಮ್ಮಲ್ಲೂ ಹಾಗೇ ಆದಂತಿದೆ. ಮನೆ ಒಂದು ಕಡೆ, ಬೀಗದ ಕೈ ಇನ್ನೊಂದು ಕಡೆ. ಹಾರ್ಡ್‌ಡಿಸ್ಕ್ ಬೇಗ ಎದ್ದ ದಿನ ವಿಂಡೋಸ್ ಬರುತ್ತದೆ, ಇಲ್ಲದ ದಿನ ಇಲ್ಲ. ಎಸ್‌ಎಸ್‌ಡಿ ಪಾಪ, ಸುಮ್ನೆ ಬೈಸಿಕೊಳ್ಳುತ್ತಿದೆ.

ಖಚಿತ ಮಾಡಿಕೊಳ್ಳಲು ವಿಂಡೋಸ್ ಬಂದಾಗ ಅದರಲ್ಲೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಬೂಟ್ ಫೈಲುಗಳು ಇರುವ, ಇಎಫ್‌ಐ ಸಿಸ್ಟಮ್ ಪಾರ್ಟಿಶನ್ ಎಂಬ ಸಣ್ಣ ಭಾಗ ಹಾರ್ಡ್‌ಡಿಸ್ಕ್‌ನ ಸಾಲಿನಲ್ಲಿ ಮಾತ್ರ ಇದ್ದರೆ ನಾನು ಹೇಳಿದ್ದು ಸರಿ.

ಆದರೆ ಅದಕ್ಕೂ ಮೊದಲು ವಿಡಿಯೋಗಳನ್ನು ಉಳಿಸಿಕೊಳ್ಳಿ. ಜನರ ಮದುವೆಯ ವಿಡಿಯೋ ಮತ್ತೆ ತೆಗೆಯಲು ಬರುವುದಿಲ್ಲ ಅಲ್ವಾ? ಒಮ್ಮೆ ಎದ್ದರೆ ಆಫ್ ಮಾಡದೆ ಎಕ್ಸ್‌ಟರ್ನಲ್ ಡಿಸ್ಕ್‌ಗೆ ಕಾಪಿ ಮಾಡಿ. ಡಿಸ್ಕ್‌ನಿಂದ ಟಿಕ್ ಟಿಕ್ ಸದ್ದು ಬರುತ್ತಿದ್ದರೆ ಪದೇ ಪದೇ ಆನ್ ಮಾಡಿ ಪ್ರಯೋಗ ಮಾಡಬೇಡಿ. ಆಗ ಡೇಟಾ ರಿಕವರಿಯವರ ಹತ್ತಿರವೇ ಕೊಡಿ.

ಕಾಪಿ ಆದ ಮೇಲೆ ಸಿ ಡ್ರೈವ್‌ನಿಂದ 300 ಎಂಬಿ ಬಿಡಿಸಿ, ಎಸ್‌ಎಸ್‌ಡಿಯಲ್ಲೇ ಫ್ಯಾಟ್32 ಇಎಫ್‌ಐ ಪಾರ್ಟಿಶನ್ ಮಾಡಿ, ವಿಂಡೋಸ್‌ನಲ್ಲೇ ಇರುವ ಬಿಸಿಡಿಬೂಟ್ ಕಮಾಂಡ್‌ನಿಂದ ಬೂಟ್ ಫೈಲುಗಳನ್ನು ಅಲ್ಲಿಗೆ ಬರೆಸಬೇಕು. ಎಸ್‌ಎಸ್‌ಡಿಯ ಪಾರ್ಟಿಶನ್ ಪಟ್ಟಿ ಜಿಪಿಟಿ ಮಾದರಿಯಲ್ಲಿರಬೇಕು. ಬಿಟ್‌ಲಾಕರ್ (ಡಿಸ್ಕ್‌ಗೆ ವಿಂಡೋಸ್ ಹಾಕುವ ಬೀಗ) ಇದ್ದರೆ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಕಮಾಂಡ್ ಅಭ್ಯಾಸವಿಲ್ಲದಿದ್ದರೆ ಗೊತ್ತಿರುವವರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಡಿಸ್ಕ್ ನಂಬರ್ ತಪ್ಪಿದರೆ ಎಲ್ಲ ಅಳಿಸಿಹೋಗುತ್ತದೆ. ಕೊನೆಗೆ ಆಫ್ ಮಾಡಿ, ಹಾರ್ಡ್‌ಡಿಸ್ಕ್ ಕೇಬಲ್ ತೆಗೆದು ಆನ್ ಮಾಡಿ. ಎದ್ದರೆ ಕೆಲಸ ಆಯಿತು.

ಪ್ರಶ್ನೆ (ಅವರೇ):
ಇಎಫ್‌ಐ ಹಾರ್ಡ್‌ಡಿಸ್ಕ್‌ನಲ್ಲೇ ಇತ್ತು ಸರ್! ಸದ್ದು ಏನೂ ಇಲ್ಲ. ಕಾಪಿ ನಡೆಯುತ್ತಿದೆ. ಮಳೆಗಾಲಕ್ಕೂ ಇದಕ್ಕೂ ಸಂಬಂಧ ಉಂಟಾ?

ಉತ್ತರ:
ಇರಬಹುದು. ನಮ್ಮ ಕರಾವಳಿಯಲ್ಲಿ ತೇವವೂ ಜಾಸ್ತಿ, ಉಪ್ಪುಗಾಳಿಯೂ ಜಾಸ್ತಿ. ಕನೆಕ್ಟರ್‌ಗೆ ಕಿಲುಬು ಹಿಡಿಯುತ್ತದೆ. ಹಾರ್ಡ್‌ಡಿಸ್ಕನ್ನು ಮದರ್‌ಬೋರ್ಡ್‌ಗೆ ಸೇರಿಸುವ ಸಾಟಾ ಕೇಬಲ್ ಹೊಸದು ಹಾಕಿ, ಅದು ದುಬಾರಿಯಲ್ಲ. ಆಮೇಲೆ ಡಿಸ್ಕ್‌ನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಸಾಫ್ಟ್‌ವೇರ್‌ನಲ್ಲಿ 05 ಮತ್ತು ಸಿ5 ಸಾಲಿನ ರಾ ವ್ಯಾಲ್ಯೂ ನೋಡಿ, ಕೆಟ್ಟ ಜಾಗಗಳ ಲೆಕ್ಕ ಅಲ್ಲಿರುತ್ತದೆ. ಸೊನ್ನೆ ಇದ್ದರೆ ಡಿಸ್ಕ್ ಇಟ್ಟುಕೊಳ್ಳಬಹುದು. ಅಂಕಿ ದಿನಕ್ಕೆ ದಿನ ಏರುತ್ತಿದ್ದರೆ ಬದಲಿಸಿ.

ಪ್ರಶ್ನೆ (ಮಂಗಳೂರು, ಸುರತ್ಕಲ್):
ನನ್ನದೂ ಎರಡು ಡಿಸ್ಕ್. ಕರೆಂಟ್ ಹೋಗಿ ಬಂದಾಗಲೆಲ್ಲ ತಾರೀಖು ಹಿಂದಕ್ಕೆ ಹೋಗುತ್ತದೆ, ಬೂಟ್ ಕೂಡ ಆಗುವುದಿಲ್ಲ.

ಉತ್ತರ:
ನಿಮ್ಮದು ಬೇರೆ. ಮದರ್‌ಬೋರ್ಡ್‌ನ ಸೆಲ್ ಮುಗಿದಿರಬೇಕು, ಅದಕ್ಕೇ ಕರೆಂಟ್ ಹೋದಾಗ ತಾರೀಖು, ಬಯೋಸ್ ಸೆಟ್ಟಿಂಗ್ ಎಲ್ಲ ಮರೆತುಹೋಗುತ್ತದೆ. ಸಾಮಾನ್ಯವಾಗಿ ಅದು ಸಿಆರ್2032, 3 ವೋಲ್ಟ್. ಸೆಲ್ ಬದಲಿಸಿ, ತಾರೀಖು ಸರಿ ಮಾಡಿ, ಬಯೋಸ್‌ನಲ್ಲಿ ವಿಂಡೋಸ್ ಬೂಟ್ ಮ್ಯಾನೇಜರನ್ನು ಮೊದಲಿಗೆ ಇಡಿ. ಆಮೇಲೂ ಏಳದಿದ್ದರೆ ಬಯೋಸ್‌ನಲ್ಲಿ ಸಾಟಾ ಮೋಡ್ (ಡಿಸ್ಕ್ ಜೊತೆ ಮಾತಾಡುವ ವಿಧಾನ) ಮೊದಲು ಏನಿತ್ತೋ ಅದೇ ಇದೆಯಾ ನೋಡಿ ಇಲ್ಲಿ ಬರೆಯಿರಿ.