ಕಾಂಪ್ಲೆಕ್ಸ್ ಕೆಡವುತ್ತಾರಂತೆ: ಭಾನುವಾರದ ಮೀಟಿಂಗ್‌ಗೆ ಮುಂಚೆ ಎಲ್ಲರೂ ಓದಿ

ಅಡ್ಮಿನ್, 2ನೇ ಮೇನ್:
ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಸರ್ಕಾರಿ ಶಾಪಿಂಗ್ ಕಾಂಪ್ಲೆಕ್ಸ್ ಗೋಡೆಗೆ ಒಂದು ನೋಟಿಸ್ ಅಂಟಿಸಿದ್ದಾರೆ. ನೋಡದವರಿಗೆ ಹೇಳುತ್ತೇನೆ. ಕಟ್ಟಡ ಶಿಥಿಲವಾಗಿದೆ, ಕೆಡವಿ ಖಾಸಗಿ ಸಹಭಾಗಿತ್ವದಲ್ಲಿ ಹೊಸದು ಕಟ್ಟುತ್ತೇವೆ, ಮಳಿಗೆಯವರು ಮೂರು ತಿಂಗಳಲ್ಲಿ ಖಾಲಿ ಮಾಡಬೇಕು. ಹೊಸ ಕಟ್ಟಡದಲ್ಲಿ ಈಗಿನವರನ್ನು ಆದ್ಯತೆಯ ಮೇಲೆ ಪರಿಗಣಿಸುತ್ತಾರಂತೆ. ಕೆಲಸ ಮುಗಿಯುವುದು ಯಾವಾಗ, ಬಾಡಿಗೆ ಎಷ್ಟು, ಅಲ್ಲಿಯವರೆಗೆ ಇವರೆಲ್ಲ ಎಲ್ಲಿ ಕೂರಬೇಕು, ಒಂದು ಸಾಲೂ ಇಲ್ಲ. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಪಾರ್ಕಿನಲ್ಲಿ ಸೇರೋಣ. ಅದಕ್ಕೆ ಮುಂಚೆ ಇಲ್ಲೇ ಒಂದು ಸುತ್ತು ಮಾತಾಡಿಬಿಡೋಣ. ದಯವಿಟ್ಟು ಗುಡ್ ಮಾರ್ನಿಂಗ್ ಚಿತ್ರ ಹಾಕಬೇಡಿ, ಮುಖ್ಯವಾದದ್ದು ಮೇಲೆ ಹೋಗಿಬಿಡುತ್ತದೆ.

ಫ್ಲಾಟ್ ನಿವಾಸಿ, 7ನೇ ಕ್ರಾಸ್:
ಬೈಯಬೇಡಿ, ನನಗೆ ಇದು ಒಳ್ಳೆಯ ಸುದ್ದಿ ಅನಿಸಿತು. ಮಳೆ ಬಂದರೆ ಆ ಕಟ್ಟಡದ ಮೆಟ್ಟಿಲ ಮೇಲೆಲ್ಲ ನೀರು. ಶೌಚಾಲಯಕ್ಕೆ ಯಾವಾಗಲೂ ಬೀಗ. ಮೇಲಿನ ಮಹಡಿಯಲ್ಲಿ ಅರ್ಧಕ್ಕರ್ಧ ಶಟರ್ ತೆಗೆಯುವುದೇ ಇಲ್ಲ. ನಿಜ ಹೇಳಿ, ನಮ್ಮಲ್ಲಿ ಎಷ್ಟು ಜನ ಅಲ್ಲಿಗೆ ಹೋಗುತ್ತೇವೆ? ಹಾಲು, ಸೊಪ್ಪು, ಸೋಪು ಎಲ್ಲಾ ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಆಪ್‌ನಲ್ಲಿ ತರಿಸಿಕೊಂಡು, ಗುಂಪಿನಲ್ಲಿ ಮಾತ್ರ ಅಂಗಡಿ ಉಳಿಸಿ ಅಂತ ಬರೆಯುವುದು ಸರಿಯಲ್ಲ ಅಲ್ವಾ?

ಮಿಕ್ಸಿ ರಿಪೇರಿ ಅಂಗಡಿ, ಕಾಂಪ್ಲೆಕ್ಸ್ ಕೆಳಮಹಡಿ:
ಸರ್ ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಕಟ್ಟಡ ಸೋರುತ್ತದೆ. ಅದನ್ನು ರಿಪೇರಿ ಮಾಡಿಸಿ ಅಂತ ನಾವು ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದೆ. ನಮ್ಮ ಬಾಡಿಗೆ ಮಾತ್ರ ತಪ್ಪದೆ ಕಟ್ಟಿದ್ದೇವೆ.

ನನ್ನ ಅಂಗಡಿ ಹತ್ತಡಿಗೆ ಹನ್ನೆರಡಡಿ. ಒಂದು ಕಡೆ ಗೋಡೆ ತುಂಬಾ ಜಾರ್‌ಗಳು. ಪ್ರತಿಯೊಂದಕ್ಕೂ ದಾರ ಕಟ್ಟಿ, ರಟ್ಟಿನ ಮೇಲೆ ಮನೆ ನಂಬರ್ ಬರೆದಿರುತ್ತೇನೆ. ಬುಷ್ ಹಾಕಿಸುವುದು, ಬ್ಲೇಡ್ ಬದಲಿಸುವುದು, ಕುಕ್ಕರ್ ಹಿಡಿ ಕೂರಿಸುವುದು. ಈ ಕೆಲಸ ಯಾವ ಆಪ್‌ನಲ್ಲೂ ಹತ್ತು ನಿಮಿಷದಲ್ಲಿ ಆಗಲ್ಲ. ಜನ ವಾಕಿಂಗ್ ಹೋಗುವಾಗ ಕೊಟ್ಟು, ಸಂಜೆ ಬರುವಾಗ ತೆಗೆದುಕೊಂಡು ಹೋಗುತ್ತಾರೆ. ನನ್ನನ್ನು ಮೂರನೇ ಮಹಡಿಯಲ್ಲಿ ಗಾಜಿನ ಬಾಗಿಲ ಹಿಂದೆ ಕೂರಿಸಿದರೆ ಯಾರು ಹುಡುಕಿಕೊಂಡು ಬರುತ್ತಾರೆ? ಹೊಸ ಕಟ್ಟಡ ಬೇಡ ಅಂತ ನಾನು ಹೇಳುತ್ತಿಲ್ಲ. ಕೆಳಗೆ ಒಂದು ಶಟರ್, ಕೊಡುವಂಥ ಬಾಡಿಗೆ. ಅಷ್ಟು ಬರೆದುಕೊಡಲಿ.

ಗೃಹಿಣಿ, 4ನೇ ಕ್ರಾಸ್:
ಟೈಲರ್ ಅಂಗಡಿಯೂ ಅಲ್ಲೇ ಇರೋದು. ನನ್ನ ಎರಡು ಬ್ಲೌಸ್ ಅಲ್ಲೇ ಇದೆ ಈಗ.

ನಿವೃತ್ತ ವಕೀಲರು, 1ನೇ ಮೇನ್:
ಮೊದಲು ಕಾನೂನು ಎಲ್ಲಿ ನಿಂತಿದೆ ನೋಡೋಣ. ಆಮೇಲೆ ಭಾವನೆ.

ಕರ್ನಾಟಕ ಬಾಡಿಗೆ ಕಾಯ್ದೆ, 1999 ಇದೆಯಲ್ಲ, ಅದು 14 ಚದರ ಮೀಟರ್ ಮೀರದ ಸಣ್ಣ ಮಳಿಗೆಗಳಿಗೆ ರಕ್ಷಣೆ ಕೊಡುತ್ತದೆ. ರಿಪೇರಿ ಅಂಗಡಿ 120 ಚದರ ಅಡಿ, ಅಂದರೆ ಲೆಕ್ಕಕ್ಕೆ ಒಳಗೇ ಬರುತ್ತದೆ. ಆದರೆ ಖುಷಿಪಡಬೇಡಿ. ಸರ್ಕಾರ ಮತ್ತು ಸ್ಥಳೀಯ ಸಂಸ್ಥೆಗಳ ಆಸ್ತಿಗೆ ಆ ಕಾಯ್ದೆಯೇ ಅನ್ವಯಿಸುವುದಿಲ್ಲ. ಖಾಸಗಿ ಮಾಲೀಕನ ಅಂಗಡಿಯಲ್ಲಿ ಕೂತವನಿಗೆ ಇರುವ ರಕ್ಷಣೆ ಸರ್ಕಾರಿ ಕಾಂಪ್ಲೆಕ್ಸಿನಲ್ಲಿ ಕೂತವನಿಗೆ ಇಲ್ಲ. ವಿಚಿತ್ರ, ಆದರೆ ಹಾಗೇ ಇದೆ. ಇಲ್ಲಿ ತೆರವು ಮಾಡಿಸಬೇಕಾದರೆ 1974ರ ಸಾರ್ವಜನಿಕ ಆವರಣಗಳ ಕಾಯ್ದೆಯ ದಾರಿ ಹಿಡಿಯಬೇಕು. ಅದರಲ್ಲೂ ಪ್ರತಿಯೊಬ್ಬರಿಗೂ ನೋಟಿಸ್ ಕೊಡಬೇಕು, ವಿಚಾರಣೆ ಮಾಡಬೇಕು, ಮೇಲ್ಮನವಿಗೆ ಅವಕಾಶ ಇದೆ. ಗೋಡೆಗೆ ಒಂದು ಹಾಳೆ ಅಂಟಿಸಿದರೆ ಮುಗಿಯಲಿಲ್ಲ. ಹಾಗಾಗಿ ಹೆದರಿ ಯಾರೂ ಬೀಗದ ಕೈ ಕೊಡಬೇಡಿ. ಯಾವ ಖಾಲಿ ಕಾಗದಕ್ಕೂ ಸಹಿ ಹಾಕಬೇಡಿ. ಬಾಡಿಗೆ ರಸೀದಿಗಳನ್ನೆಲ್ಲ ಹುಡುಕಿ ಇಟ್ಟುಕೊಳ್ಳಿ. ಬಾಡಿಗೆ ತೆಗೆದುಕೊಳ್ಳಲ್ಲ ಅಂದರೆ ಸ್ಪೀಡ್ ಪೋಸ್ಟ್‌ನಲ್ಲಿ ಡಿಡಿ ಕಳಿಸಿ.

ಫ್ಲಾಟ್ ನಿವಾಸಿ, 7ನೇ ಕ್ರಾಸ್:
ಇದೆಲ್ಲ ಅಂಗಡಿಯವರ ವಿಷಯ ಆಯಿತು ಸರ್. ನಿವಾಸಿಗಳಾದ ನಮಗೆ ಇಲ್ಲಿ ಮಾತಾಡುವ ಹಕ್ಕು ಇದೆಯಾ?

ನಿವೃತ್ತ ವಕೀಲರು, 1ನೇ ಮೇನ್:
ಇದೆ. ಇದೇ ಬೆಂಗಳೂರಿನ ಕೇಸು. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟಿದ್ದ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಟ್ಟಿದ್ದರು. ಅಲ್ಲಿಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ಆ ಹಂಚಿಕೆ ನಿಲ್ಲುವುದಿಲ್ಲ ಅಂದಿತು. ಬಡಾವಣೆಯ ಸಾರ್ವಜನಿಕ ಜಾಗದ ಬಗ್ಗೆ ಅಲ್ಲಿ ವಾಸ ಇರುವವರು ಪ್ರಶ್ನೆ ಕೇಳಬಹುದು ಅಂತಲೂ ಹೇಳಿತು. ಬಿ.ಎಸ್. ಮುದ್ದಪ್ಪ ಪ್ರಕರಣ ಅಂತ ಹುಡುಕಿದರೆ ಸಿಗುತ್ತದೆ. ನಮ್ಮದು ಉದ್ಯಾನ ಅಲ್ಲ, ಅಷ್ಟು ಸಲೀಸಲ್ಲ. ಆದರೆ ನೀವ್ಯಾರು ಕೇಳುವುದಕ್ಕೆ ಅಂತ ಯಾರೂ ಬಾಗಿಲು ಹಾಕುವಂತಿಲ್ಲ.

ಶಾಲಾ ಶಿಕ್ಷಕಿ, 5ನೇ ಕ್ರಾಸ್:
ನಾನು ಹುಟ್ಟಿ ಬೆಳೆದಿದ್ದು ಮಲ್ಲೇಶ್ವರ. ಅಲ್ಲಿ ಹಳೆ ಮಾರುಕಟ್ಟೆ ಕೆಡವಿದ ಮೇಲೆ ಹೊಸದು ಏಳುವುದಕ್ಕೆ ವರ್ಷಗಟ್ಟಲೆ ಹಿಡಿಯಿತು. ಇವತ್ತು ನಾಳೆ ಅಂತ ಕಾಯುತ್ತಾ ವ್ಯಾಪಾರಿಗಳು ತಾತ್ಕಾಲಿಕ ಜಾಗದಲ್ಲೇ ಕೂತರು. ಜಯನಗರ 4ನೇ ಬ್ಲಾಕ್‌ನಲ್ಲಿ ಹೊಸ ಕಟ್ಟಡಕ್ಕಾಗಿ ಪುಟ್ಟಣ್ಣ ಚಿತ್ರಮಂದಿರ ಹೋಯಿತು. ಗಾಂಧಿ ಬಜಾರ್‌ನಲ್ಲಿ ರಸ್ತೆ ಚಂದ ಮಾಡುತ್ತೇವೆ ಅಂತ ಅಗೆದಾಗ ಹೂವು, ಹಣ್ಣಿನವರ ಪಾಡು ನೋಡಿದ್ದೇವಲ್ಲ. ಈಗ ಓಡಾಡುವುದಕ್ಕೆ ಅಲ್ಲಿ ಚೆನ್ನಾಗಿದೆ, ಅದನ್ನು ಒಪ್ಪುತ್ತೇನೆ. ಕೆಲಸ ನಡೆಯುವಷ್ಟು ಕಾಲ ಗಿರಾಕಿ ಬೇರೆ ಕಡೆ ಅಭ್ಯಾಸ ಆಗಿಬಿಡುತ್ತಾರೆ, ವಾಪಸ್ ಬರುವುದಿಲ್ಲ. ಸಣ್ಣ ಅಂಗಡಿ ಸಾಯುವುದು ಕಟ್ಟಡ ಕೆಡವಿದ ದಿನ ಅಲ್ಲ. ಆ ನಡುವಿನ ಎರಡು ಮೂರು ವರ್ಷದಲ್ಲಿ.

ಹಾಗಾಗಿ ನನ್ನ ಪ್ರಕಾರ ನಾವು ಹೋರಾಡಬೇಕಾದ್ದು ಹಳೆ ಕಟ್ಟಡ ಉಳಿಸುವುದಕ್ಕಲ್ಲ. ಆ ಸೋರುವ ಸಿಮೆಂಟಿನ ಮೇಲೆ ನನಗೇನು ಪ್ರೀತಿ ಇಲ್ಲ. ನಡುವಿನ ಕಾಲದಲ್ಲಿ ಇವರು ಎಲ್ಲಿರುತ್ತಾರೆ, ಆಮೇಲೆ ಯಾವ ಬಾಡಿಗೆಗೆ ವಾಪಸ್ ಬರುತ್ತಾರೆ, ಇವೆರಡು ಕಾಗದದ ಮೇಲೆ ಬರಬೇಕು. ಅದು ಬರುವವರೆಗೆ ಒಂದು ಇಟ್ಟಿಗೆಯನ್ನೂ ಮುಟ್ಟುವಂತಿಲ್ಲ.

ದಿನಸಿ ಅಂಗಡಿ, ಕಾಂಪ್ಲೆಕ್ಸ್:
ಟೀಚರ್ ಹೇಳಿದ್ದೇ ಸರಿ. ವ್ಯಾಪಾರ ಮೊದಲೇ ಡಲ್ ಇದೆ. ಹಿಂದಿನ ಕ್ರಾಸ್‌ನಲ್ಲಿ ಮನೆಯೊಂದನ್ನು ಆಪ್‌ನವರ ಗೋಡೌನ್ ಮಾಡಿದ್ದಾರೆ, ಗೊತ್ತಲ್ಲ. ಅದು ಬಂದ ಮೇಲೆ ಸೋಪು, ಎಣ್ಣೆ, ಬಿಸ್ಕತ್ ವ್ಯಾಪಾರ ಅರ್ಧ ಹೋಯಿತು. ನಮಗೆ ಕಂಪನಿ ಕೊಡುವ ರೇಟಿಗಿಂತ ಕಡಿಮೆಗೆ ಅವರು ಗಿರಾಕಿಗೆ ಮಾರುತ್ತಾರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಬಂದಿದ್ದು ನೆನಪಿದೆಯಾ? ಸರಕು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ದಾಟಿದರೆ ನೋಂದಣಿ ಬೇಕು. ಆಗ ಎಷ್ಟೋ ಅಂಗಡಿಯವರು ಕ್ಯೂಆರ್ ಕೋಡ್ ಕಿತ್ತು ಹಾಕಿ ಕ್ಯಾಶ್ ಮಾತ್ರ ಅಂತ ಬೋರ್ಡ್ ಇಟ್ಟರು. ಹಳೆ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿಗಳೇ ಹೇಳಿದ ಮೇಲೆ ಸ್ವಲ್ಪ ಸಮಾಧಾನ ಆಯಿತು. ಆದರೆ ಕ್ಯಾಶ್ ಇಲ್ಲದ ಗಿರಾಕಿ ಅಷ್ಟರಲ್ಲಿ ಆಪ್ ಕಡೆ ಹೋಗಿ ಆಗಿತ್ತು.

ಒಂದು ಮಾತು ಸೇರಿಸುತ್ತೇನೆ. ತಿಂಗಳ ಕೊನೆಗೆ ಉದ್ರಿ ಬರೆಸುವವರು ಈ ಗುಂಪಿನಲ್ಲೂ ಇದ್ದಾರೆ. ಹೆಸರು ಹೇಳಲ್ಲ. ಆಪ್ ಉದ್ರಿ ಕೊಡಲ್ಲ.

ಅಡ್ಮಿನ್, 2ನೇ ಮೇನ್:
ಅಣ್ಣಾ, ಆ ವಿಷಯ ಬೇಡ ಇಲ್ಲಿ 🙏

ನಿವೃತ್ತ ಎಂಜಿನಿಯರ್, 3ನೇ ಮೇನ್:
ಕಟ್ಟಡ ಶಿಥಿಲ ಅನ್ನುವುದಕ್ಕೆ ತಾಂತ್ರಿಕ ವರದಿ ಎಲ್ಲಿ? ನಾನು ಹೋಗಿ ಕಣ್ಣಾರೆ ನೋಡಿದೆ. ಚಾವಣಿಯಲ್ಲಿ ಒಂದೆರಡು ಕಡೆ ಕಬ್ಬಿಣ ಕಾಣುತ್ತಿದೆ, ನಿಜ. ಕಂಬಗಳಲ್ಲಿ ಬಿರುಕು ನನಗೆ ಕಾಣಲಿಲ್ಲ. ಬರಿಗಣ್ಣಿಂದ ತೀರ್ಪು ಕೊಡಲು ಆಗುವುದಿಲ್ಲ, ಅದಕ್ಕೇ ವರದಿ ಕೇಳಬೇಕು. ಹಳದಿ ಮಾರ್ಗದ ಮೆಟ್ರೋ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಈ ಕಡೆ ಜಾಗದ ಬೆಲೆ ಏನಾಗಿದೆ ಅಂತ ಎಲ್ಲರಿಗೂ ಗೊತ್ತು. ಕಟ್ಟಡ ಶಿಥಿಲ ಅಂತ ಈಗಲೇ ಯಾಕೆ ನೆನಪಾಯಿತು ಅಂತ ನನಗೆ ಅನುಮಾನ.

ಇನ್ನೊಂದು, ಅಳತೆ. ಇಷ್ಟೇ ಚದರ ಅಡಿ ಕೊಡುತ್ತೇವೆ ಅಂದರೆ ಕಾರ್ಪೆಟ್ ಏರಿಯಾನೋ (ಅಂಗಡಿ ಗೋಡೆಯೊಳಗಿನ ಜಾಗ ಮಾತ್ರ) ಸೂಪರ್ ಬಿಲ್ಟ್‌ಅಪ್ಪೋ ಕೇಳಿ. 120 ಅಡಿ ಸೂಪರ್ ಬಿಲ್ಟ್‌ಅಪ್‌ನಲ್ಲಿ ಲಿಫ್ಟು, ಲಾಬಿ, ಕಾರಿಡಾರ್ ಎಲ್ಲಾ ಕಳೆದು ಕೈಗೆ ಸಿಗುವುದು 70-80 ಅಡಿ. ಹೊಲಿಗೆ ಮಿಷನ್ ಇಟ್ಟರೆ ಕಟಿಂಗ್ ಟೇಬಲ್‌ಗೆ ಜಾಗ ಇರಲ್ಲ. ಬಾಡಿಗೆ ಮಾತ್ರ 120ಕ್ಕೆ. ಅದರ ಮೇಲೆ ನಿರ್ವಹಣಾ ಶುಲ್ಕ, ಎಸಿ ಶುಲ್ಕ, ಬಾಡಿಗೆಗೆ 18% ಜಿಎಸ್‌ಟಿ. ನೋಂದಣಿ ಇಲ್ಲದ ಸಣ್ಣ ಅಂಗಡಿಯವನಿಗೆ ಆ ತೆರಿಗೆ ವಾಪಸ್ ಬರುವ ದಾರಿಯೇ ಇಲ್ಲ, ಪೂರ್ತಿ ಕೈಯಿಂದಲೇ.

ಗೃಹಿಣಿ, 4ನೇ ಕ್ರಾಸ್:
ಹೊರಗೆ ಹೊಂಗೆ ಮರದ ಕೆಳಗೆ ಇಸ್ತ್ರಿ ಮಾಡುವವರು, ಸೊಪ್ಪಿನಮ್ಮ, ಚಪ್ಪಲಿ ಹೊಲಿಯುವವರು? ಅವರ ಹತ್ತಿರ ರಸೀದಿ ಗಿಸೀದಿ ಏನೂ ಇಲ್ಲ. ನೋಟಿಸ್‌ನಲ್ಲಿ ಅವರ ಹೆಸರೇ ಇಲ್ಲ.

ನಿವೃತ್ತ ವಕೀಲರು, 1ನೇ ಮೇನ್:
ಒಳ್ಳೆಯ ಪ್ರಶ್ನೆ. ಅವರಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಇದೆ. ಸೇವೆ ಕೊಡುವವರೂ ಅದರಲ್ಲಿ ಬರುತ್ತಾರೆ, ಹಾಗಾಗಿ ಇಸ್ತ್ರಿ ಗಾಡಿಯೂ ಸೇರುತ್ತದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ ಅಂತ ಕಾಯ್ದೆಯಲ್ಲೇ ಇದೆ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳುವ ಪಟ್ಟಣ ಮಾರಾಟ ಸಮಿತಿಯಲ್ಲಿ ಕನಿಷ್ಠ 40% ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ಸೊಪ್ಪಿನಮ್ಮನ ಹತ್ತಿರ ಗುರುತಿನ ಚೀಟಿ ಇದೆಯಾ ವಿಚಾರಿಸಿ. ಬೀದಿ ವ್ಯಾಪಾರಿಗಳಿಗೆ ಅಂತಲೇ ಇರುವ ಪಿಎಂ ಸ್ವನಿಧಿ ಸಾಲ ತೆಗೆದುಕೊಂಡಿದ್ದರೆ ಅದರ ಕಾಗದವೂ ಅವರು ಇಲ್ಲಿ ವ್ಯಾಪಾರ ಮಾಡುತ್ತಿದ್ದರು ಅನ್ನುವುದಕ್ಕೆ ಉಪಯೋಗಕ್ಕೆ ಬರುತ್ತದೆ.

ಫ್ಲಾಟ್ ನಿವಾಸಿ, 7ನೇ ಕ್ರಾಸ್:
ಸರಿ, ಆ ಮಧ್ಯದ ಎರಡು ಮೂರು ವರ್ಷದ ಮಾತು ನನಗೂ ಒಪ್ಪಿಗೆ. ಆದರೆ ನನ್ನ ಚಿಂತೆಯೂ ಬರೆಯಿರಿ. ಮಾಲ್ ಬಂದರೆ ಶನಿವಾರ ಸಂಜೆ ನಮ್ಮ ಕ್ರಾಸ್‌ನಲ್ಲಿ ಗಾಡಿ ನಿಲ್ಲಿಸುವವರು ಯಾರು? ನಾವಲ್ಲ. ಎಷ್ಟು ಮಹಡಿ, ಎಷ್ಟು ಪಾರ್ಕಿಂಗ್, ನೀರು ಎಲ್ಲಿಂದ? ಬೇಸಿಗೆಯಲ್ಲಿ ನಮಗೇ ಟ್ಯಾಂಕರ್.

ಶಾಲಾ ಶಿಕ್ಷಕಿ, 5ನೇ ಕ್ರಾಸ್:
ಇದನ್ನೆಲ್ಲ ಕಾರ್ಪೊರೇಟರ್ ಹತ್ತಿರ ಹೇಳೋಣ ಅಂದರೆ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿಯಿತು. ಆಮೇಲೆ ಒಂದು ಪಾಲಿಕೆ ಹೋಗಿ ಐದಾಯಿತು. ಕಾಗದ ಕೊಡುವುದಕ್ಕೂ ಯಾವ ಕಚೇರಿಗೆ ಅಂತ ಕೇಳಿಕೊಂಡು ಅಲೆಯಬೇಕು.

ನಿವೃತ್ತ ಎಂಜಿನಿಯರ್, 3ನೇ ಮೇನ್:
ಅಲೆಯುವುದು ಬೇಡ. ಜಾಗ ಯಾರದ್ದೋ ಆ ಇಲಾಖೆಗೇ ಆರ್‌ಟಿಐ ಹಾಕೋಣ. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ ಕೊಡಬೇಕು. ಒಂದು ವಿಷಯ ನೆನಪಿರಲಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು. ಎಲ್ಲಾ ತುರುಕಿದರೆ ಅದನ್ನೇ ನೆಪ ಮಾಡಿ ವಾಪಸ್ ಕಳಿಸುತ್ತಾರೆ. ಕಟ್ಟಡದ ತಾಂತ್ರಿಕ ವರದಿಗೆ ಒಂದು ಅರ್ಜಿ, ಖಾಸಗಿಯವರ ಜೊತೆಗಿನ ಒಪ್ಪಂದದ ಕರಡಿಗೆ ಒಂದು, ಮಹಡಿ ಮತ್ತು ಪಾರ್ಕಿಂಗ್ ನಕ್ಷೆಗೆ ಒಂದು. ಬೇರೆ ಬೇರೆ ಹೆಸರಲ್ಲಿ ಹಾಕೋಣ. ಮೊದಲನೆಯದು ನಾನು ಹಾಕುತ್ತೇನೆ.

ಫ್ಲಾಟ್ ನಿವಾಸಿ, 7ನೇ ಕ್ರಾಸ್:
ನಕ್ಷೆಯದ್ದು ನನಗೆ ಕೊಡಿ.

ಅಡ್ಮಿನ್, 2ನೇ ಮೇನ್:
ಮನವಿ ಪತ್ರದ ಕರಡು ಬರೆದಿದ್ದೇನೆ, ನೋಡಿ.

"ಹೊಸ ಕಟ್ಟಡಕ್ಕೆ ನಮ್ಮ ವಿರೋಧ ಇಲ್ಲ. ಆದರೆ ಈಗ ವ್ಯಾಪಾರ ಮಾಡುತ್ತಿರುವ ಪ್ರತಿ ಮಳಿಗೆದಾರರಿಗೂ ಹೊಸ ಕಟ್ಟಡದಲ್ಲಿ ಅಷ್ಟೇ ಕಾರ್ಪೆಟ್ ಅಳತೆಯ ಜಾಗ, ರಿಪೇರಿ ಮತ್ತು ಹೊಲಿಗೆಯಂಥ ಅಂಗಡಿಗಳಿಗೆ ನೆಲಮಹಡಿಯಲ್ಲೇ, ಈಗಿನ ಬಾಡಿಗೆಗೆ ಹೊಂದುವ ದರದಲ್ಲಿ ಕೊಡುವುದಾಗಿ ಕೆಡವುವ ಮುಂಚೆಯೇ ನೋಂದಾಯಿತ ಕರಾರು ಮಾಡಿಕೊಡಬೇಕು. ಕೆಲಸವನ್ನು ಎರಡು ಹಂತದಲ್ಲಿ ಮಾಡಿ, ಒಂದು ಭಾಗದಲ್ಲಿ ವ್ಯಾಪಾರ ನಡೆಯಲು ಬಿಡಬೇಕು. ಅದು ಆಗದಿದ್ದರೆ ಪಕ್ಕದ ಪಾರ್ಕಿಂಗ್ ಜಾಗದಲ್ಲಿ ನೀರು, ಕರೆಂಟು ಇರುವ ತಾತ್ಕಾಲಿಕ ಮಳಿಗೆ ಕಟ್ಟಿ ಮೊದಲು ಸ್ಥಳಾಂತರ ಮಾಡಬೇಕು. ಕೆಲಸ ತಡವಾದರೆ ತಿಂಗಳ ಲೆಕ್ಕದಲ್ಲಿ ಮಳಿಗೆದಾರರಿಗೆ ಪರಿಹಾರ ಸಿಗಬೇಕು, ಅದನ್ನು ಗುತ್ತಿಗೆದಾರರೇ ಭರಿಸಬೇಕು. ಮರದ ಕೆಳಗಿನ ವ್ಯಾಪಾರಿಗಳ ಸಮೀಕ್ಷೆ ಆಗಬೇಕು, ಆ ಮರವೂ ಉಳಿಯಬೇಕು. ನಕ್ಷೆ ಅಂತಿಮ ಮಾಡುವ ಮುಂಚೆ ಬಡಾವಣೆಯಲ್ಲೇ ಬಹಿರಂಗ ಸಭೆ ಕರೆಯಬೇಕು."

ತಿದ್ದುವುದಿದ್ದರೆ ಇವತ್ತು ರಾತ್ರಿಯೊಳಗೆ ಹೇಳಿ.

ಮಿಕ್ಸಿ ರಿಪೇರಿ ಅಂಗಡಿ, ಕಾಂಪ್ಲೆಕ್ಸ್ ಕೆಳಮಹಡಿ:
ಈಗಿನ ಬಾಡಿಗೆಗೆ ಹೊಂದುವ ಅಂದರೆ ನಾಳೆ ಅವರು ಏನು ಬೇಕಾದರೂ ಅಂದುಕೊಳ್ಳಬಹುದು ಸರ್. ಈಗಿನದ್ದರ ಮೇಲೆ ಇಷ್ಟು ಪರ್ಸೆಂಟ್‌ಗಿಂತ ಜಾಸ್ತಿ ಇಲ್ಲ ಅಂತ ಹಾಕಿ. ಹೊಸ ಕಟ್ಟಡಕ್ಕೆ ಸ್ವಲ್ಪ ಜಾಸ್ತಿ ಕೊಡುವುದಕ್ಕೆ ನಾವು ತಯಾರಿದ್ದೇವೆ. ಎಷ್ಟು ಅಂತ ಅಂಗಡಿಯವರೆಲ್ಲ ಇವತ್ತು ಶಟರ್ ಹಾಕಿದ ಮೇಲೆ ಕೂತು ಮಾತಾಡಿ ತಿಳಿಸುತ್ತೇವೆ.

ನಿವೃತ್ತ ವಕೀಲರು, 1ನೇ ಮೇನ್:
ಹೌದು, ಅದು ಬೇಕೇ ಬೇಕು. ಕರಾರಿನಲ್ಲಿ ಮೂಲ ಮಳಿಗೆದಾರ ತೀರಿಕೊಂಡರೆ ಹೆಂಡತಿ ಅಥವಾ ಮಕ್ಕಳ ಹೆಸರಿಗೆ ಅಂತಲೂ ಸೇರಿಸಿ. ಜೊತೆಗೆ, ಪಡೆದ ಜಾಗವನ್ನು ಬೇರೆಯವರಿಗೆ ಒಳಬಾಡಿಗೆಗೆ ಕೊಟ್ಟವರಿಗೆ, ವ್ಯಾಪಾರ ಮಾಡದೆ ಮುಚ್ಚಿಟ್ಟವರಿಗೆ ಹಕ್ಕು ಇಲ್ಲ ಅಂತ ನಾವೇ ಬರೆಯೋಣ. ಮೇಲಿನ ಮಹಡಿಯ ಮುಚ್ಚಿದ ಶಟರ್‌ಗಳ ಕಥೆ ಎಲ್ಲರಿಗೂ ಗೊತ್ತಿದೆ. ನಾವು ಬರೆಯದಿದ್ದರೆ ಅವರು ಅದನ್ನೇ ಎತ್ತಿ ಹಿಡಿಯುತ್ತಾರೆ.

ದಿನಸಿ ಅಂಗಡಿ, ಕಾಂಪ್ಲೆಕ್ಸ್:
ಇದಕ್ಕೆ ನಮ್ಮಲ್ಲಿ ಒಂದಿಬ್ಬರಿಗೆ ಬೇಜಾರಾಗುತ್ತದೆ. ಆಗಲಿ ಬಿಡಿ. ಸೇರಿಸಿ.

ಗೃಹಿಣಿ, 4ನೇ ಕ್ರಾಸ್:
ಸೊಪ್ಪಿನಮ್ಮನನ್ನು ಕೇಳಿದೆ. ಗುರುತಿನ ಚೀಟಿ ಇದೆಯಂತೆ, ಊರಲ್ಲಿ ಮಗಳ ಮನೆಯಲ್ಲಿದೆ. ತರಿಸಿಕೊಳ್ಳುತ್ತಾರೆ. ಭಾನುವಾರ ಮೀಟಿಂಗ್ ಹತ್ತು ಗಂಟೆಗೆ ಬೇಡ, ಅದು ಅವರ ವ್ಯಾಪಾರದ ಹೊತ್ತು. ಹನ್ನೊಂದೂವರೆ ಮೇಲೆ ಇಡಿ.

ಅಡ್ಮಿನ್, 2ನೇ ಮೇನ್:
ಸರಿ, ಹನ್ನೊಂದೂವರೆ. ಸಹಿ ಹಾಕುವವರು ಮನೆ ನಂಬರ್ ಸಮೇತ ಬರೆಯಿರಿ. ಸುಮ್ನೆ ಹೆಬ್ಬೆರಳು ಎತ್ತಿದ ಇಮೋಜಿ ಲೆಕ್ಕಕ್ಕಿಲ್ಲ.