ದಲೈ ಲಾಮಾ ಮಾತಿನಲ್ಲಿ ಅಂಥದ್ದೇನಿದೆ?

ಹಾಸನದ ಹುಡುಗ: ಟಿಬೆಟನ್ನರ ಕ್ಯಾಂಪ್ ಇರುವ ಬೈಲಕುಪ್ಪೆಗೆ ಹೋಗಿದ್ದೆ. ಅಂಗಡಿಗಳಲ್ಲೆಲ್ಲ ದಲೈ ಲಾಮಾ ಫೋಟೋ. ಮನೆಗೆ ಬಂದು ಅವರ ನಾಲ್ಕೈದು ಭಾಷಣ ಕೇಳಿದೆ. ಎಲ್ಲದರಲ್ಲೂ ಒಂದೇ ಮಾತು: ಎಲ್ಲರಿಗೂ ಬೇಕಿರುವುದು ಸುಖ, ಹಾಗಾಗಿ ಕರುಣೆ ಇರಲಿ. ಇದನ್ನು ನಮ್ಮಜ್ಜಿಯೂ ಹೇಳ್ತಿದ್ದರು. ನಮ್ಮ ಶರಣರು 12ನೇ ಶತಮಾನದಲ್ಲೇ ಹೇಳಿದ್ದಾರೆ. ಮತ್ತೆ ಜನ ಇವರಿಗೇ ಯಾಕೆ ಮುಗಿಬೀಳ್ತಾರೆ?

ಕಾವೇರಿ ದಡ: ಮಾತಿಗಲ್ಲ, ಮನುಷ್ಯನಿಗೆ. 2025ರ ಜನವರಿಯಲ್ಲಿ ಅವರು ಬೈಲಕುಪ್ಪೆಯಲ್ಲಿ ಇದ್ದಾಗ ನಾನೂ ಕ್ಯಾಂಪಿನ ರಸ್ತೆ ಬದಿ ನಿಂತಿದ್ದೆ. ಪಕ್ಕದಲ್ಲಿ ಒಬ್ಬರು ಟಿಬೆಟನ್ ಅಜ್ಜಿ, ಕೈಯಲ್ಲಿ ಖಾತಾ ಅನ್ನುವ ಗೌರವದ ಬಿಳಿ ಶಾಲು, ಬೆಳಿಗ್ಗೆಯಿಂದ ಕಾದಿದ್ದರು. ಕಾರು ಐದು ಸೆಕೆಂಡಿನಲ್ಲಿ ದಾಟಿ ಹೋಯಿತು. ಅಜ್ಜಿ ಬಗ್ಗಿ ಕೈಮುಗಿದವರು ತಲೆ ಎತ್ತಲೇ ಇಲ್ಲ! "ನೋಡಿದ್ರಾ?" ಅಂದೆ. "ಅವರು ನನ್ನ ನೋಡಿದ್ರು, ಸಾಕು" ಅಂದರು. ಕನ್ನಡದಲ್ಲೇ.

ನೇರ ಮಾತು: ಅಜ್ಜಿ ಭಕ್ತಿ ಇರಲಿ. ದಲೈ ಲಾಮಾ 1959ರಲ್ಲಿ ಟಿಬೆಟ್ ಬಿಟ್ಟು ಬಂದರು, 1989ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಟಿಬೆಟ್ ಬಂತಾ? ಈಗ ಸ್ವಾತಂತ್ರ್ಯವನ್ನೂ ಕೇಳ್ತಿಲ್ಲ, ಚೀನಾದೊಳಗೇ ಸ್ವಾಯತ್ತತೆ ಕೊಟ್ಟರೆ ಸಾಕು ಅಂತಾರೆ. ಕರುಣೆ ತೋರಿಸಿದರೆ ಚೀನಾ ಸೈನ್ಯ ವಾಪಸ್ ಹೋಗುತ್ತಾ?

ಹಳೇ ಮೇಷ್ಟ್ರು: ಹೋಗಲ್ಲಪ್ಪ, ಅದು ನಿಜ. ಆದರೆ ಅವರೇ ಆಗಾಗ ಹೇಳುವ ಒಬ್ಬ ಭಿಕ್ಷುವಿನ ವಿಷಯ ಕೇಳಿ. ಆತ ಚೀನಾ ಜೈಲಿನಲ್ಲಿ 18 ವರ್ಷ ಕಳೆದು ಭಾರತಕ್ಕೆ ಬಂದರು. ಒಂದೆರಡು ಸಲ ದೊಡ್ಡ ಅಪಾಯದಲ್ಲಿದ್ದೆ ಅಂದರಂತೆ. ಜೀವಕ್ಕೇನೋ ಅಂದುಕೊಂಡು ಇವರು ಕೇಳಿದರೆ, ಚೀನೀಯರ ಮೇಲಿನ ಕರುಣೆ ಕಳಕೊಳ್ಳುವ ಅಪಾಯ ಅಂದರಂತೆ. ಇನ್ನು, ಸುಮ್ನೆ ಕೂತು ಕರುಣೆ ಅಂದವರಲ್ಲ ಈ ಟಿಬೆಟನ್ ಜನ. 60ರ ದಶಕದಲ್ಲಿ ಇಲ್ಲಿ ಕಾಡು ಸವರಿ ಮುಸುಕಿನ ಜೋಳ ಬೆಳೆದರು. ಟಿಬೆಟಿನಲ್ಲಿದ್ದ ಸೆರಾ ಮಠವನ್ನು ಬೈಲಕುಪ್ಪೆಯಲ್ಲಿ, ಡ್ರೆಪುಂಗ್ ಮಠವನ್ನು ಮುಂಡಗೋಡಿನಲ್ಲಿ ಮತ್ತೆ ಕಟ್ಟಿಕೊಂಡರು. ದಲೈ ಲಾಮಾ ಅವರೋ 2011ರಲ್ಲಿ ರಾಜಕೀಯ ಅಧಿಕಾರವನ್ನು ಚುನಾಯಿತರಿಗೆ ಬಿಟ್ಟುಕೊಟ್ಟರು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಕುರ್ಚಿಯನ್ನೂ ಯಾರೂ ಬಿಡಲ್ಲ.

ಸೊಪ್ಪು ಸಾರು: ಕರುಣೆ ಅಂತ ಹೇಳ್ತಾ ಮಾಂಸ ತಿಂತಾರಲ್ಲ, ಅದು?

ಹಳೇ ಮೇಷ್ಟ್ರು: 60ರ ದಶಕದಲ್ಲಿ ಪೂರ್ತಿ ಬಿಟ್ಟಿದ್ದರು. ಕಾಮಾಲೆ ಆಯಿತು. ಡಾಕ್ಟರು ತಿನ್ನಲೇಬೇಕು ಅಂದರು. ಅದನ್ನು ಅವರೇ ಹೇಳ್ಕೊಂಡಿದ್ದಾರೆ.

ನೇರ ಮಾತು: 2023ರಲ್ಲಿ ಒಬ್ಬ ಹುಡುಗನ ಜತೆ ನಡೆದುಕೊಂಡ ವಿಡಿಯೋ? ಅದಕ್ಕೂ ಕಾಮಾಲೆನಾ ಕಾರಣ?

ಕಾವೇರಿ ದಡ: ಅದು ತಪ್ಪೇ. ಅವರ ಕಚೇರಿ ಕ್ಷಮೆ ಕೇಳಿತು. ನನಗೂ ಅದನ್ನು ನೋಡಿ ಕಸಿವಿಸಿ ಆಗಿತ್ತು, ಈಗಲೂ ಆಗುತ್ತೆ. ಹಾಗಂತ ಆ ರಸ್ತೆ ಬದಿ ನೋಡಿದ್ದನ್ನು ಸುಳ್ಳು ಅನ್ನೋಕೂ ಆಗಲ್ಲ.

ಹಾಸನದ ಹುಡುಗ: ಅದಿರಲಿ, ಆ ಅಜ್ಜಿಗೆ ಕನ್ನಡ ಹೇಗೆ ಬಂತು?

ಕಾವೇರಿ ದಡ: ಪ್ರತಿ ಚಳಿಗಾಲ ಮೈಸೂರಿನಲ್ಲಿ ಸ್ವೆಟರ್ ಮಾರ್ತಿದ್ದರಂತೆ. ಚೌಕಾಸಿಗೆ ನಿಂತರೆ ಒಂದು ರೂಪಾಯಿ ಬಿಡ್ತಿರಲಿಲ್ಲ ಅಂತ ಮಗಳು ನಗ್ತಿದ್ದಳು.