ಎಫೆಸಸ್ ಬಂದರು ಎಲ್ಲಿ ಹೋಯಿತು?

ಡೊಂಬಿವಲಿ ಕನ್ನಡಿಗ: ಟರ್ಕಿಯ ಪುರಾತನ ಊರು ಎಫೆಸಸ್ ದೊಡ್ಡ ಬಂದರು ಆಗಿತ್ತಂತೆ. ನಕ್ಷೆಯಲ್ಲಿ ನೋಡಿದರೆ ಸಮುದ್ರ ಐದಾರು ಕಿ.ಮೀ. ದೂರ! ಯುದ್ಧವಾ, ಭೂಕಂಪವಾ?

ಮಾಟುಂಗಾ ಮಾಮ: ಎರಡೂ ಆದವು. ಕ್ರಿ.ಶ. 262ರ ಸುಮಾರಿಗೆ ಗೋಥರು ಅನ್ನೋ ಜರ್ಮಾನಿಕ್ ಬುಡಕಟ್ಟಿನವರು ಅಲ್ಲಿನ ಗ್ರೀಕ್ ದೇವತೆ ಆರ್ಟೆಮಿಸ್‌ಳ ಗುಡಿ ಹಾಳು ಮಾಡಿದರು. ಆದರೆ ಊರನ್ನು ಮುಗಿಸಿದ್ದು ಹೂಳು. ಕೇಸ್ಟರ್ ನದಿ ಮಣ್ಣು ತಂದು ಸುರಿಯುತ್ತಲೇ ಇತ್ತು. ರೋಮನ್ನರು ಹೂಳೆತ್ತಿಸಿದರೂ ಸಾಕಾಗಲಿಲ್ಲ. ನಮ್ಮ ಮುಂಬೈ ಹತ್ತಿರದ ನಾಲಾಸೊಪಾರಾನೂ ಹಳೇ ಬಂದರೇ, ಈಗ ಅಲ್ಲಿ ಹಡಗು ಎಲ್ಲಿದೆ ಹೇಳಿ?

ಥಾಣೆ ರೈಲುಪ್ರೇಮಿ: ಆ ಗುಡಿ ಹುಡುಕಿದ್ದು ರೈಲ್ವೆ ಕೆಲಸಕ್ಕೆ ಹೋಗಿದ್ದ ಜಾನ್ ಟರ್ಟಲ್ ವುಡ್. 1863ರಿಂದ ಅಗೆಸಿ, 1869ರ ಕೊನೆಗೆ ಸಿಕ್ಕಿತು. ಈಗ ನಿಂತಿರುವುದು ಒಂದೇ ಕಂಬ, ಅದೂ ಚೂರು ಜೋಡಿಸಿದ್ದು.

ಡೊಂಬಿವಲಿ ಕನ್ನಡಿಗ: ಗ್ರಂಥಾಲಯ ಚೆನ್ನಾಗಿ ಉಳಿದಿದೆ ಅಲ್ವಾ?

ಮಾಟುಂಗಾ ಮಾಮ: ಫೋಟೋ ನಂಬಬೇಡಿ. ಸೆಲ್ಸಸ್ ಗ್ರಂಥಾಲಯದ ಮುಂಭಾಗವನ್ನು 1970ರ ದಶಕದಲ್ಲಿ ಮತ್ತೆ ಎತ್ತಿ ನಿಲ್ಲಿಸಿದ್ದು. ಅದರ ಹಿಂಬದಿಯಲ್ಲಿ ಜಾಸ್ತಿ ಏನೂ ಇಲ್ಲ.